ಕಣ್ಣು ಮುಚ್ಚಿ ನಗುವವಳ ಠಾವು

ಗಾಣವಿಲ್ಲದ ಊರೊಂದಿತ್ತು. ಹಾಗೆನ್ನುವುದಕ್ಕೆ ಕಾರಣವಿದೆ. ಅದಕ್ಕೂ ಹಿಂದಿನ ಊರಿನ ನಟ್ಟನಡುವೆ ದೊಡ್ಡದೊಂದು ಗಾಣ ತಿರುಗುತ್ತಿತ್ತಂತೆ. ಊರವರೆಲ್ಲ ಅದರ ಮೇಲೆಯೇ ಕೂತಿರುತ್ತಿದ್ದರಂತೆ. ಯಾರನ್ನಾದರೂ ಕರೆದರೆ ಗಾಣ ಗರಗರ ಸುತ್ತಿ ಅವರನ್ನು ತಂದು ನಿಲ್ಲಿಸುವ ತನಕ ಕರೆದವರು ಕಾಯಬೇಕಿತ್ತಂತೆ. ಈ ಊರಿನಲ್ಲಿ ಏನೂ ತಿರುಗುತ್ತಿರಲಿಲ್ಲ, ಏನೂ ಸದ್ದು ಮಾಡುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೆ ಸಾಕು, ಆ ಹೆಸರಿನವರು ಎದುರಿಗೆ ನಿಂತಿರುತ್ತಿದ್ದರು. ಊರಿಗೆ ಅದೇ ಜಂಬ. ಆ ಜಂಬಕ್ಕೆ ತೆರುವ ಬೆಲೆಯನ್ನು ಊರಿನ ಗೋಡೆಗಳು ತೆರುತ್ತಿದ್ದವು.

ಊರೆಂದರೆ ಸಾಲುಗಳು. ಹುಣಸೆ ಸಾಲು, ಗೇರು ಸಾಲು, ನೇರಳೆ ಸಾಲು ಎಂದೆಲ್ಲ ಮರಗಳ ಹೆಸರು. ಅಲ್ಲಿ ಮರವಿರಲಿ, ಒಂದು ಹುಲ್ಲುಕಡ್ಡಿಯೂ ಹುಟ್ಟುತ್ತಿರಲಿಲ್ಲ. ಪ್ರತಿ ಸಾಲಿನಲ್ಲೂ ಒತ್ತೊತ್ತಾಗಿ ಮಣ್ಣಿನ ಕೋಣೆಗಳು, ಒಂದೊಂದು ಕೋಣೆಗೆ ಒಬ್ಬೊಬ್ಬರು. ಊರಿನ ಮುಂಭಾಗದಲ್ಲಿ ಒಂದು ಕಿಂಡಿ. ಕಿಂಡಿಯ ಆಚೆ ಏನಿದೆಯೆಂದು ಕಂಡವರಿಲ್ಲ, ಅಲ್ಲಿಂದ ಒಂದು ದನಿ ಮಾತ್ರ ಬರುತ್ತಿತ್ತು. ಹೊಸಬರನ್ನು ಊರೊಳಗೆ ಇಳಿಸುತ್ತಿದ್ದದ್ದು ಆ ದನಿಯೇ. ಇಳಿದವರೆಲ್ಲ ಒಂದೊಂದನ್ನು ಹೊತ್ತು ತರುತ್ತಿದ್ದರು. ಒಬ್ಬಳ ಬಳಿ ಯಾರದೋ ರವಿಕೆಯ ಅಳತೆ, ಒಬ್ಬನ ಬಳಿ ನಿಂಬೆ ಉಪ್ಪಿನಕಾಯಿಗೆ ಉಪ್ಪೆಷ್ಟು ಎಂಬ ಗುಟ್ಟು, ಇನ್ನೊಬ್ಬನ ಬಳಿ ಅಣ್ಣತಮ್ಮಂದಿರ ಮುಗಿಯದ ಜಗಳ. ದನಿ ಕರೆದಾಗ ಕಿಂಡಿಗೆ ಬಂದು ತಂದದ್ದನ್ನು ಒಪ್ಪಿಸಬೇಕು, ಮತ್ತೆ ಅದನ್ನೇ ಹೊತ್ತುಕೊಂಡು ಕೋಣೆಗೆ ಮರಳಬೇಕು. ಅವರ ಬಾಳು ಅಷ್ಟೇ.

ಯಾರು ಎಲ್ಲಿದ್ದಾರೆಂದು ದನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಿಂಡಿಯ ಪಕ್ಕದಲ್ಲಿ ಕೂರುವ ಒಬ್ಬ ಹೆಂಗಸಿಗೆ. ಅವಳನ್ನು ಠಾವಿನವಳು ಎನ್ನುತ್ತಿದ್ದರು. ಬಂದವರಿಗೆ ಠಾವು ಗೊತ್ತುಮಾಡುವುದು, ಕರೆ ಬಂದಾಗ ಠಾವು ಹೇಳುವುದು, ಬೇಕಾದಾಗ ಠಾವು ಬದಲಿಸುವುದು, ಎಲ್ಲ ಅವಳ ಕೆಲಸ.

ಠಾವು ಬದಲಿಸುವುದೇಕೆ ಎಂದರೆ, ಆ ಊರಿನ ಕಟ್ಟಳೆ ಹಾಗಿತ್ತು. ಕೋಣೆಯಲ್ಲಿ ಒಮ್ಮೆ ಯಾರಾದರೂ ಇದ್ದರೆ ಅವರ ನೆರಳು ಗೋಡೆಗೆ ಅಂಟಿಬಿಡುತ್ತಿತ್ತು. ಅವರು ಎದ್ದುಹೋದರೂ ನೆರಳು ಹೋಗುತ್ತಿರಲಿಲ್ಲ, ನೆರಳಿರುವ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ನೆರಳು ಹೋಗಲು ತೊಳೆಯಬೇಕು. ಆದರೆ ಒಂದೇ ಕೋಣೆಯನ್ನು ತೊಳೆಯಲು ಬರುತ್ತಿರಲಿಲ್ಲ. ತೊಳೆಯಲೆಂದೇ ಇದ್ದ ಹಂಡೆಯವನು ಸಾಲಿನ ತಲೆಯಲ್ಲಿ ನಿಂತು ಸುಡುನೀರು ಸುರಿದನೆಂದರೆ ಅದು ಎಲ್ಲ ಕೋಣೆಗಳನ್ನೂ ಹಾದು ಸಾಲಿನ ಕೊನೆಯ ಬಚ್ಚಲಿನಲ್ಲಿ ಇಳಿಯುತ್ತಿತ್ತು. ಒಳಗೆ ಯಾರಾದರೂ ಉಳಿದಿದ್ದರೆ ಅವರೂ ನೀರಿನೊಡನೆ ಇಳಿದುಹೋಗುತ್ತಿದ್ದರು. ಹಾಗಾಗಿ ಒಂದು ನೆರಳನ್ನು ತೊಳೆಯಬೇಕೆಂದರೂ ಸಾಲಿನ ಮಿಕ್ಕವರನ್ನೆಲ್ಲ ಮೊದಲು ಬೇರೆ ಸಾಲಿಗೆ ಸಾಗಿಸಬೇಕು. ಮೇಲಾಗಿ ಪ್ರತಿ ಸಲ ತೊಳೆದಾಗಲೂ ಗೋಡೆಯ ಒಂದು ಪದರ ಕರಗಿ ಹೋಗುತ್ತಿತ್ತು. ಎಷ್ಟಾದರೂ ಮಣ್ಣಿನ ಗೋಡೆ.

ಇನ್ನು ಸಾಲಿನ ಬಾಗಿಲುಗಳು. ಕರೆ ಬಂದರೆ ತೆರೆಯುತ್ತಿದ್ದವು, ಠಾವು ಬದಲಿಸುವಾಗ ತೆರೆಯುತ್ತಿದ್ದವು, ತೊಳೆಯುವಾಗ ತೆರೆಯುತ್ತಿದ್ದವು. ಸುಮ್ಮನೆ ಯಾರನ್ನಾದರೂ ಮಾತಾಡಿಸಿ ಬರೋಣ ಎಂದರೆ ಠಾವಿನವಳಿಗೂ ತೆರೆಯುತ್ತಿರಲಿಲ್ಲ.

ಪ್ರತಿ ಸಂಜೆ, ಊರಿನ ದೀಪ ಆರುವ ಮುನ್ನ, ಠಾವಿನವಳು ಕಿಂಡಿಗೆ ಬೆನ್ನು ಮಾಡಿ ಕೂತು ಊರನ್ನೆಲ್ಲ ಒಪ್ಪಿಸುತ್ತಿದ್ದಳು. "ಗೇರು ಸಾಲು, ಮೊದಲ ಕೋಣೆ, ರವಿಕೆ ಅಳತೆಯವಳು." ಹಂಡೆಯವನು ಹಂಡೆಗೆ ಒರಗಿ ಕೂತು ಹೇಳುತ್ತಿದ್ದ: "ಇದ್ದಾಳೆ." "ಹುಣಸೆ ಸಾಲು, ಎರಡನೆಯ ಕೋಣೆ, ಉಪ್ಪಿನಕಾಯಿಯವನು." "ಇದ್ದಾನೆ." ಹೀಗೆ ಕಡೆಯ ಹೆಸರಿನ ತನಕ. ಈ ಒಪ್ಪಿಸುವಿಕೆಯಲ್ಲಿ ಹೆಸರು ತಪ್ಪಿದವರಿಗೆ ಮರುದಿನ ಊರಿನಲ್ಲಿ ಠಾವಿಲ್ಲ. ಅವರಿದ್ದ ಕೋಣೆಯನ್ನು ಬರೀ ನೆರಳಿನ ಕೋಣೆಯೆಂದೇ ಲೆಕ್ಕ.

ಅವಳಿಗಿಂತ ಮುಂಚೆ ಒಬ್ಬ ಠಾವಿನವನಿದ್ದ. ಅವನು ಮೈಗಳ್ಳ. ಕಿಂಡಿಗೆ ಹತ್ತಿರವೆಂದು ಬೇಲದ ಸಾಲನ್ನೇ ಮತ್ತೆ ಮತ್ತೆ ತುಂಬಿಸಿ, ಮತ್ತೆ ಮತ್ತೆ ತೊಳೆಸಿದ. ಹಿಂದಿನ ಸಾಲುಗಳ ಗೋಡೆ ಕೋಟೆಯಂತೆ ದಪ್ಪಗಿರುವಾಗಲೇ ಬೇಲದ ಸಾಲು ಒಂದು ಮಧ್ಯಾಹ್ನ ಒಳಗಿದ್ದವರ ಸಮೇತ ಕುಸಿದು ಕೂತಿತು. ಅದರ ಮಣ್ಣಿನ ಗುಡ್ಡೆಯನ್ನು ನೋಡುತ್ತಲೇ ದೊಡ್ಡವಳಾದ ಠಾವಿನವಳು, ತನ್ನ ಕಾಲದಲ್ಲಿ ಯಾವ ಗೋಡೆಯೂ ಇನ್ನೊಂದಕ್ಕಿಂತ ಮುಂಚೆ ಬೀಳಕೂಡದು ಎಂದು ಹಟ ಹಿಡಿದಳು. ದಿನಾ ಬೆಳಗ್ಗೆ ಸಾಲುಗಳ ಹೊರಗೋಡೆಗೆ ಅಂಗೈ ಒತ್ತಿ ನೋಡುವಳು. ದಪ್ಪಗಿರುವ ಸಾಲಿಗೆ ಆಗಾಗ ಠಾವು ಬದಲಿಸಬೇಕಾದ ಓಡಾಟದವರನ್ನು ಹಾಕುವಳು, ತೆಳ್ಳಗಾದ ಸಾಲಿಗೆ ಅಲುಗದೆ ಬಿದ್ದಿರುವ ನಿದ್ದೆಯವರನ್ನು ಹಾಕಿ ಗೋಡೆಗೆ ಬಿಡುವು ಕೊಡುವಳು. ಊರೆಲ್ಲ ಸಮನಾಗಿ ಸವೆಯಬೇಕು ಎಂಬುದು ಅವಳ ನೇಮ. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು.

ಈ ಸಾಗಾಟಕ್ಕೆ ಬೇಜಾರು ಮಾಡಿಕೊಳ್ಳುತ್ತಿದ್ದವನು ನಿದ್ದೆಯಜ್ಜ ಒಬ್ಬನೇ. ಯಾರದೋ ಹುಟ್ಟಿದ ಗಳಿಗೆಯನ್ನು ಹೊತ್ತು ಬಂದ ಮುದುಕ. ಬಂದಂದಿನಿಂದ ಅವನನ್ನು ಯಾರೂ ಕರೆದಿರಲಿಲ್ಲ.

"ಯಾಕವ್ವಾ, ಕರೆ ಬಂತಾ?" ಎಂದು ಅವನು ಎದ್ದು ಕೂರುವನು.

"ಇಲ್ಲ ತಾತ. ನಿಮ್ಮ ಗೋಡೆ ದಪ್ಪಗಿದೆ. ಬೇರೆಯವರಿಗೆ ಬೇಕು."

"ಗೋಡೆ ದಪ್ಪಗಿರೋದೂ ನನ್ನ ತಪ್ಪಾ? ನಾನು ಸುಮ್ನೆ ಮಲಗಿದ್ದೆ, ಅದೂ ಸುಮ್ನೆ ನಿಂತಿತ್ತು." ಗೊಣಗುತ್ತಲೇ ಅವನು ಕಂಬಳಿ ಮಡಚುವನು.

ಊರಿನ ಹಿಂಬದಿಯಲ್ಲಿ ಕೆಲವು ಸಾಲುಗಳನ್ನು ಠಾವಿನವಳು ದನಿಗೂ ಹೇಳದೆ ಖಾಲಿ ಇಟ್ಟುಕೊಂಡಿದ್ದಳು. ಹೊಸಬರು ದಬದಬನೆ ಇಳಿದಾಗ ಅವರನ್ನು ಅಲ್ಲಿಗೆ ಕಳಿಸಿ, ಆಮೇಲೆ ಬಿಡುವಾದಾಗ ಹಳೆಯ ಸಾಲುಗಳನ್ನು ಖಾಲಿ ಮಾಡಿಸಿ ತೊಳೆಸುವಳು. ಕಿಂಡಿಯ ಆಚೆ ನಿಂತವರಿಗೆ ಇದೊಂದೂ ತಿಳಿಯುತ್ತಿರಲಿಲ್ಲ. ಈ ಊರು ಎಷ್ಟು ಚುರುಕು ಎಂದುಕೊಳ್ಳುತ್ತಿದ್ದರೋ ಏನೋ.

ಇಷ್ಟೆಲ್ಲದರ ನಡುವೆ ಅವಳಿಗೊಬ್ಬ ಗೆಳತಿಯಿದ್ದಳು. ಉಪ್ಪಿನಕಾಯಿಯವನ ಬೆನ್ನಿಗೇ ಕಿಂಡಿಯಿಂದ ಇಳಿದವಳು. ಅವಳ ಬೆನ್ನಿಗೆ ನಿದ್ದೆಯಜ್ಜ ಇಳಿದದ್ದು. ಅವಳು ಹೊತ್ತು ತಂದದ್ದು ಒಂದು ನಗು. ಯಾರೋ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕ ನಗು; ಮುಖ ಕೂಡ ಸ್ವಲ್ಪ ಅಲುಗಿ ಮಸುಕಾಗಿತ್ತು. ಮೊದಮೊದಲು ದನಿ ಅವಳನ್ನು ಆಗಾಗ ಕರೆಯುತ್ತಿತ್ತು. ಅವಳು ಕಿಂಡಿಗೆ ಬಂದು ನಕ್ಕು ಹೋಗುವಳು, ಠಾವಿನವಳು ಪಕ್ಕದಲ್ಲಿ ಕೂತು ಕೇಳುವಳು. ಬರಬರುತ್ತ ಕರೆ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಠಾವು ಬದಲಿಸುವಾಗ ಮಾತ್ರ ಭೇಟಿ. ಮಿಕ್ಕವರನ್ನು ನಡೆಸಿಕೊಂಡು ಹೋಗುತ್ತಿದ್ದ ಠಾವಿನವಳು ಇವಳನ್ನು ಮಾತ್ರ ಕೂಸುಮರಿ ಮಾಡಿ ಬೆನ್ನ ಮೇಲೆ ಹೊರುತ್ತಿದ್ದಳು.

"ಬಂದ್ಯಾ? ಈ ಸಲ ಎಲ್ಲಿಗೇ?" ಎಂದು ಅವಳು ಬೆನ್ನೇರುತ್ತಲೇ ಕೇಳುವಳು.

"ಗೇರು ಸಾಲಿಗೆ."

"ಹೋದ ಸಲ ಅಲ್ಲಿಂದ್ಲೇ ಅಲ್ವೇನೇ ಹೊತ್ಕೊಂಡು ಬಂದಿದ್ದು?" ಎಂದು ಅವಳು ಕಣ್ಣು ಮುಚ್ಚಿ ನಗುವಳು. ಆ ನಗು ಠಾವಿನವಳ ಕತ್ತಿಗೆ ತಾಗುತ್ತಿತ್ತು. ಊರಿನಲ್ಲಿ ಕೆಲಸಕ್ಕೆ ಬಾರದ ಸುಖವೆಂದರೆ ಅದೊಂದೇ ಇತ್ತು, ಠಾವಿನವಳು ಅದಕ್ಕಾಗಿ ಕಾಯುತ್ತಿದ್ದಳು.

ಊರು ತುಂಬುತ್ತ ಬಂತು. ದನಿ ಇಳಿಸುವುದನ್ನು ಮಾತ್ರ ಬಲ್ಲುದು. ಯಾರು ಇನ್ನು ಬೇಡವೆಂದು ಅದು ಎಂದೂ ಹೇಳಿರಲಿಲ್ಲ. ಎಂದೋ ಬೇಡವಾದವರನ್ನೂ ಠಾವಿನವಳು ಬೇಕಾದವರಂತೆಯೇ ಸಾಲಿನಿಂದ ಸಾಲಿಗೆ ಸಾಗಿಸುತ್ತಿದ್ದಳು. ಹಿಂಬದಿ ಸಾಲುಗಳೂ ತುಂಬಿದವು. ಒಬ್ಬ ಹೊಸಬನನ್ನು ಇಳಿಸಿಕೊಳ್ಳಲು ಒಂದು ಇಡೀ ಸಾಲು ಎದ್ದು ನಿಲ್ಲಬೇಕಾಯಿತು. "ಯಾಕಿಷ್ಟು ತಡ?" ಎಂದು ದನಿ ಗದರಿತು. ಸಾಗಿಸಿ ಸಾಗಿಸಿ ಠಾವಿನವಳ ಕೈಕಾಲು ಬಿದ್ದುಹೋಗುವಂತಾಯಿತು.

ಆಗೊಂದು ದಿನ ದನಿ ಹೊಸ ಮಾತೊಂದನ್ನು ಕಲಿತು ಬಂತು. "ಜಗಳದವನು ಬೇಡ," ಎಂದಿತು. ಅಷ್ಟೇ. ಆ ಸಂಜೆ ಠಾವಿನವಳು ಅವನ ಹೆಸರನ್ನು ಒಪ್ಪಿಸಲಿಲ್ಲ. ಅವನಿದ್ದ ಸಾಲಿನ ಮಿಕ್ಕವರನ್ನು ಸಾಗಿಸಿದ ಮೇಲೆ ಹಂಡೆಯವನು ನೀರು ಸುರಿದ. ನೆರಳು, ಜಗಳ, ಜಗಳದವನು ಎಲ್ಲ ಬಚ್ಚಲಿಗಿಳಿದವು. ಅವನಂತೆ ಇನ್ನೂ ಹಲವರು ಬೇಡವಾದರು. ಹೊರುವ ಭಾರ ಕಡಿಮೆಯಾಯಿತು, ತೊಳೆಯುವುದು ಕಡಿಮೆಯಾಯಿತು, ಊರು ಮತ್ತೆ ಚುರುಕಾಯಿತು. ನಿಜ ಹೇಳಬೇಕೆಂದರೆ ಠಾವಿನವಳಿಗೆ ಸಂತೋಷವೇ ಆಯಿತು. ಇಂಥ ಮಾತನ್ನು ದನಿ ಮೊದಲೇ ಕಲಿತಿದ್ದರೆ ಗೋಡೆಗಳು ಇನ್ನೂ ಎಷ್ಟು ಕಾಲ ಬಾಳುತ್ತಿದ್ದವು ಎಂದು ಹಂಡೆಯವನ ಹತ್ತಿರ ಹೇಳಿಕೊಂಡಳು.

ಆ ಮಾತು ಆಡಿದ ಕೆಲವೇ ದಿನಗಳಲ್ಲಿ ದನಿ ಹೇಳಿತು: "ಕಣ್ಣು ಮುಚ್ಚಿ ನಗುವವಳು ಬೇಡ."

ಠಾವಿನವಳು ಸಂಜೆ ಕಿಂಡಿಗೆ ಬೆನ್ನು ಮಾಡಿ ಕೂತು ಊರನ್ನು ಒಪ್ಪಿಸುತ್ತ ಬಂದಳು. ಆ ಹೆಸರಿನ ಜಾಗಕ್ಕೆ ಬಂದಾಗ ನಾಲಿಗೆ ನಿಂತಿತು. ಆಮೇಲೆ ಏನೂ ಆಗದವಳಂತೆ ಹೇಳಿದಳು: "ಗೇರು ಸಾಲು, ಮೂಲೆ ಕೋಣೆ, ಕಣ್ಣು ಮುಚ್ಚಿ ನಗುವವಳು."

ದೀಪ ಸಣ್ಣಗಾಗುತ್ತಿತ್ತು.

"ಅಕ್ಕಾ, ಅವಳು ಬೇಡ ಅಂತ ದನಿ ಅಂದಿತ್ತಲ್ಲ."

"ಗೇರು ಸಾಲು, ಮೂಲೆ ಕೋಣೆ," ಎಂದಳು ಅವಳು ಮತ್ತೆ.

ಹಂಡೆಯವನು ಹೇಳಿದ: "ಇದ್ದಾಳೆ."

ಅಲ್ಲಿಗೆ ಮುಗಿಸಿದ್ದರೆ ಅದೊಂದು ಸಣ್ಣ ಕಳ್ಳತನವಾಗಿ ಉಳಿಯುತ್ತಿತ್ತು. ಒಬ್ಬಳು ಹೆಚ್ಚಾದರೆ ಊರೇನು ಮುಳುಗುತ್ತಿರಲಿಲ್ಲ. ಆದರೆ ಠಾವಿನವಳಿಗೆ ಈಗ ಒಂದು ಚಿಂತೆ ಹಿಡಿಯಿತು. ಗೆಳತಿಗೆ ಇನ್ನು ಕರೆ ಬರುವುದು ಸುಳ್ಳು. ಠಾವು ಬದಲಿಸದಿದ್ದರೆ ಬಾಗಿಲು ತೆರೆಯದು, ಬಾಗಿಲು ತೆರೆಯದಿದ್ದರೆ ಭೇಟಿಯಿಲ್ಲ. ಆದ್ದರಿಂದ ಅಗತ್ಯವಿಲ್ಲದಿದ್ದರೂ ಅವಳನ್ನು ಸಾಗಿಸತೊಡಗಿದಳು. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಮನಸ್ಸಿಗೆ ಬೇಸರವಾದಾಗಲೆಲ್ಲ. ಪ್ರತಿ ಸಲವೂ ತೊಳೆದಿಟ್ಟ ಒಂದು ಕೋಣೆ ಹಿಡಿಯಿತು, ಪ್ರತಿ ಸಲವೂ ಒಂದು ಕೋಣೆ ನೆರಳಾಗಿ ಹಿಂದೆ ಉಳಿಯಿತು. ಆ ನೆರಳುಗಳನ್ನು ತೊಳೆಯಲು ಸಾಲುಗಳೇ ಎದ್ದವು. ಒಂದೇ ಸಾಲಿಗೆ ಪೆಟ್ಟಾಗಬಾರದೆಂದು ಅವಳು ಗೆಳತಿಯನ್ನು ಪ್ರತಿ ಸಲವೂ ಬೇರೆ ಬೇರೆ ಸಾಲಿಗೆ ಒಯ್ದಳು. ಅಷ್ಟರ ಮಟ್ಟಿಗೆ ಅವಳ ನೇಮ ತಪ್ಪಲಿಲ್ಲ. ಊರನ್ನು ಸಮ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಬೆನ್ನ ಮೇಲೆ ನಗು ಕೇಳಿಸುವಾಗ ಯಾವ ಸುಳ್ಳನ್ನಾದರೂ ನಂಬಬಹುದು.

"ಬಂದ್ಯಾ? ಈ ಸಲ ಎಲ್ಲಿಗೇ?"

"ಹುಣಸೆ ಸಾಲಿಗೆ."

"ನಿನ್ನೆ ತಾನೇ ಬಂದೆ ಕಣೇ. ನನ್ನ ನೆರಳಿನ್ನೂ ಒಣಗಿಲ್ಲ," ಎಂದು ಅವಳು ನಕ್ಕಳು. ಠಾವಿನವಳೂ ನಕ್ಕಳು.

ಒಂದು ಬೆಳಗ್ಗೆ ಅವಳು ಹುಣಸೆ ಸಾಲಿನ ಗೋಡೆಗೆ ಅಂಗೈ ಒತ್ತಿದಾಗ ಒಳಗೆ ಯಾರೋ ಕೆಮ್ಮಿದ್ದು ಅಂಗೈಗೆ ತಿಳಿಯಿತು. ಗೇರು ಸಾಲಿಗೆ ಓಡಿದಳು, ಅಲ್ಲಿಯೂ ಹಾಗೆಯೇ. ಯಾವ ಸಾಲಿಗೆ ಹೋದರೂ ಗೋಡೆ ಹಪ್ಪಳದಂತಾಗಿತ್ತು. ಹಂಡೆಯವನು ಅವಳ ಹಿಂದೆಯೇ ಬರುತ್ತಿದ್ದ.

"ಒಂದಾದ್ರೂ ದಪ್ಪ ಉಳಿಸಬೇಕಿತ್ತು ಅಕ್ಕ," ಎಂದ. "ಆ ಸೋಮಾರಿ ಕಾಲದಲ್ಲಿ ಒಂದು ಸಾಲು ಬಿತ್ತು, ಮಿಕ್ಕವರಿಗೆ ಬೇರೆ ಸಾಲಿತ್ತು. ನೀವು ಎಲ್ಲಾನೂ ಒಂದೇ ಸಮ ತಂದು ನಿಲ್ಲಿಸಿದ್ದೀರಿ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳು ಏನಾದರೂ ತಿರುಗಿ ಅನ್ನಬಹುದಿತ್ತು.

ಆಮೇಲೆ ತೊಳೆದಿಟ್ಟ ಕೋಣೆಗಳು ಒಂದೊಂದಾಗಿ ತುಂಬಿದವು, ತೊಳೆಯಲು ಮಾತ್ರ ಯಾವ ಸಾಲೂ ತಾಳುವಂತಿರಲಿಲ್ಲ. ಊರಿಡೀ ತಡಕಿದ ಮೇಲೆ ನೇರಳೆ ಸಾಲು ಮಾತ್ರ ಇನ್ನೊಂದು ಸಲದ ನೀರು ತಡೆದೀತು ಎಂದು ಹಂಡೆಯವನು ಹೇಳಿದ. ಅಲ್ಲಿದ್ದವರನ್ನು ಠಾವಿನವಳು ಅಲ್ಲೊಬ್ಬರು ಇಲ್ಲೊಬ್ಬರೆಂದು ಉಳಿದ ಕೋಣೆಗಳಿಗೆ ಸಾಗಿಸಿದಳು. ಮಿಕ್ಕಿದ್ದ ಒಂದೇ ಕೋಣೆ ನಿದ್ದೆಯಜ್ಜನಿಗೆ ಸಿಕ್ಕಿತು. ಅಲ್ಲಿಗೆ ಊರಿನ ಚೊಕ್ಕ ಕೋಣೆಗಳೆಲ್ಲ ಮುಗಿದವು. ನೇರಳೆ ಸಾಲಿನಲ್ಲಿ ಇನ್ನೂ ಒಬ್ಬಳು ಉಳಿದಿದ್ದಳು, ಕಟ್ಟಕಡೆಯ ಕೋಣೆಯಲ್ಲಿ. ಅವಳಿಗೊಂದು ಕೋಣೆ ಕಡಿಮೆ ಬಿತ್ತು. ಕಡಿಮೆ ಬಿದ್ದದ್ದು ಯಾಕೆಂದು ಠಾವಿನವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೆಳತಿಯ ನೆರಳುಗಳು ಊರಿನ ಪ್ರತಿ ಸಾಲಿನಲ್ಲೂ ಗೋಡೆಗಂಟಿಕೊಂಡು ಬಾಯ್ತುಂಬ ನಗುತ್ತಿದ್ದವು.

ಕಿಂಡಿಯಲ್ಲಿ ಹೊಸಬರು ಬಂದು ನಿಂತಿದ್ದರು. "ಯಾಕಿಷ್ಟು ತಡ?" ಎಂದಿತು ದನಿ.

ಹಂಡೆಯವನು ನೇರಳೆ ಸಾಲಿನ ತಲೆಗೆ ಹಂಡೆ ತಂದ. ತೊಳೆಯಲೆಂದು ಬಾಗಿಲು ತೆರೆಯಿತು.

"ಖಾಲಿ ಅಂತ ನೀವು ಹೇಳಿದ್ರೆ ಸುರೀತೀನಿ," ಎಂದ. "ಒಂದು ಸಾಲು ಪೂರ್ತಿ ಸಿಗುತ್ತೆ. ಊರು ಇನ್ನೂ ಒಂದಷ್ಟು ದಿನ ನಡೆಯುತ್ತೆ. ಇದ್ದಾಳೆ ಅಂದ್ರೆ ಹಂಡೆ ಇಳಿಸ್ತೀನಿ. ಇಳಿಸಿದ್ಮೇಲೆ ಇನ್ನು ತೊಳೆಯೋದು ಇಲ್ಲ, ಸಾಗಿಸೋದೂ ಇಲ್ಲ. ಯಾರು ಎಲ್ಲಿದ್ದಾರೋ ಅಲ್ಲೇ."

ಅಲ್ಲೇ ಎಂದರೆ ಏನೆಂದು ಅವಳಿಗೆ ಅರ್ಥವಾಯಿತು. ಸಾಗಿಸುವುದಿಲ್ಲವೆಂದರೆ ಬಾಗಿಲು ತೆರೆಯುವುದಿಲ್ಲ. ಹಂಡೆಯ ನೀರು ಕುದಿಯುತ್ತಿತ್ತು. ಸಾಲಿನ ಆ ತುದಿಯಿಂದ, ತೆಳ್ಳನೆಯ ಗೋಡೆಗಳನ್ನು ದಾಟಿ, ಗೆಳತಿಯ ದನಿ ಕೇಳಿಸಿತು.

"ಬಂದ್ಯಾ? ಈ ಸಲ ಎಲ್ಲಿಗೇ?"

ಠಾವಿನವಳು ಒಂದು ಕಾಲನ್ನು ಹೊಸ್ತಿಲ ಆಚೆ ಇಟ್ಟಳು. ಓಡಿಹೋಗಿ ಆ ಕೋಣೆಯಲ್ಲಿ ಕೂತುಬಿಡಬೇಕೆನಿಸಿತು. ಆದರೆ ಊರೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ಒಳಗುಳಿದರೆ ಕಿಂಡಿಯ ಬಳಿ ಠಾವು ಹೇಳುವವರಿಲ್ಲ, ಆಮೇಲೆ ಯಾರು ಎಲ್ಲಿದ್ದರೂ ಇಲ್ಲದಂತೆಯೇ. ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ಈ ಸಲ ಎಲ್ಲಿಗೂ ಇಲ್ಲ ಕಣೇ," ಎಂದು ಕೂಗಿದಳು. "ಇಲ್ಲೇ ಇರು."

"ಸದ್ಯ," ಎಂದಳು ಗೆಳತಿ ಒಳಗಿನಿಂದ. ಆಮೇಲೆ ನಗು.

"ಇದ್ದಾಳೆ," ಎಂದಳು ಠಾವಿನವಳು ಹಂಡೆಯವನ ಕಡೆ ತಿರುಗಿ. ಅವನು ಹಂಡೆ ಇಳಿಸಿದ. ನಗು ಮುಗಿಯುವ ಮೊದಲೇ ಬಾಗಿಲು ಮುಚ್ಚಿತು.

ಕಿಂಡಿಯಿಂದ ಹೊಸಬರಿಗೆ ಇಳಿಯಲಾಗಲಿಲ್ಲ. ದನಿ ಒಂದು ಸಲ ತಳ್ಳಿ ನೋಡಿತು, ಇನ್ನೊಂದು ಸಲ ತಳ್ಳಿ ನೋಡಿತು, ಆಮೇಲೆ ಬಹಳ ಹೊತ್ತು ಸುಮ್ಮನಾಯಿತು. ಸುಮ್ಮನಿದ್ದು ಯೋಚಿಸಿತೋ ಏನೋ, ಊರು ಮುಗಿಯಿತೆಂದು ಅದಕ್ಕೂ ತಿಳಿದಿರಬೇಕು. ಎಲ್ಲರನ್ನೂ ಕರೆಯತೊಡಗಿತು. ಬಂದ ಸರದಿಯಲ್ಲೇ, ಮೊದಲು ಇಳಿದವರಿಂದ ಹಿಡಿದು, ಒಬ್ಬರನ್ನೂ ಬಿಡದೆ. ಅವರು ಹೊತ್ತದ್ದನ್ನೆಲ್ಲ ಬೇರೆ ಯಾವುದೋ ಊರಿಗೆ ಒಯ್ಯಲಿಕ್ಕಿರಬಹುದು. ಜನ ಬಂದರು, ಒಪ್ಪಿಸಿದರು, ಮರಳಿ ಕೋಣೆ ಸೇರಿದರು. ಅವರವರ ಹಿಂದೆ ಬಾಗಿಲುಗಳು ಮುಚ್ಚಿದವು.

ಠಾವಿನವಳು ಠಾವು ಹೇಳುತ್ತ ಹೋದಳು. ಅವಳಿಗೊಂದು ಆಸೆ ಹುಟ್ಟಿತ್ತು. ಎಲ್ಲರನ್ನೂ ಕರೆಯುವ ಈ ಗದ್ದಲದಲ್ಲಿ, ಬೇಡವೆಂದದ್ದನ್ನು ಮರೆತು, ದನಿ ಆ ಹೆಸರನ್ನೂ ಕರೆಯಬಹುದು. ಒಂದು ಸಲ ಕರೆದರೆ ಸಾಕು. ಬಾಗಿಲು ತೆರೆಯುತ್ತದೆ, ಅವಳು ಬರುತ್ತಾಳೆ, ಕಿಂಡಿಯ ಮುಂದೆ ನಗುತ್ತಾಳೆ.

"ರವಿಕೆ ಅಳತೆಯವಳು," ಎಂದಿತು ದನಿ. ಅವಳು ಬಂದು ಹೋದಳು.

"ಉಪ್ಪಿನಕಾಯಿಯವನು." ಅವನೂ ಬಂದ. ಉಪ್ಪೆಷ್ಟು, ಬಿಸಿಲೆಷ್ಟು ಎಂದು ವಿವರವಾಗಿ ಹೇಳಿ ಹೋದ. ಅವನ ಬೆನ್ನಿಗೆ ಇಳಿದವಳು ಯಾರೆಂದು ಠಾವಿನವಳಿಗೆ ಗೊತ್ತು. ನೇರಳೆ ಸಾಲು, ಕೊನೆಯ ಕೋಣೆ ಎಂಬ ಮಾತು ಅವಳ ತುಟಿಗೆ ಬಂದು ನಿಂತಿತ್ತು.

"ನಿದ್ದೆಯಜ್ಜ," ಎಂದಿತು ದನಿ.

ದನಿ ಎರಡನೆಯ ಸಲ ಕರೆದ ಮೇಲೆಯೇ ಠಾವಿನವಳು ಅವನ ಠಾವು ಹೇಳಿದಳು. ಅಜ್ಜ ಕಂಬಳಿ ಹೊದ್ದೇ ಓಡಿ ಬಂದ. "ನನ್ನೇನಾ? ನಿಜವಾಗ್ಲೂ ನನ್ನೇನಾ ಅವ್ವಾ?" ಎಂದು ಅವಳ ಕೈ ಹಿಡಿದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. "ನಿಮ್ಮನ್ನೇ ತಾತ," ಎಂದಳು ಅವಳು. ಅಷ್ಟು ಕಾಲ ಹೊತ್ತಿದ್ದ ಹುಟ್ಟಿದ ಗಳಿಗೆಯನ್ನು ಅವನು ತೊದಲುತ್ತ ಒಪ್ಪಿಸಿ, ಮೆಲ್ಲಗೆ ತನ್ನ ಕೋಣೆಗೆ ನಡೆದ. ಕಡೆಯವನ ಸರದಿಯೂ ಆದ ಮೇಲೆ ದನಿ ಹೊರಟುಹೋಯಿತು. ಅದು ಮತ್ತೆ ಬಂದಿಲ್ಲ.

ಆ ಊರು ಈಗಲೂ ಇದೆ. ಗೋಡೆಗಳು ತೆಳ್ಳಗಿದ್ದರೂ ನಿಂತಿವೆ. ನೀರು ಬೀಳದಿದ್ದರೆ ಮಣ್ಣು ಯಾಕೆ ಬೀಳುತ್ತದೆ. ಸಂಜೆಯಾದರೆ ಠಾವಿನವಳು ಕಿಂಡಿಗೆ ಬೆನ್ನು ಮಾಡಿ ಕೂರುತ್ತಾಳೆ. ಹಂಡೆಯವನು ತಣ್ಣಗಾದ ಹಂಡೆಗೆ ಒರಗುತ್ತಾನೆ. ಹಿಂದೆ ಒಂದು ಸಂಜೆಯ ಒಪ್ಪಿಸುವಿಕೆಯಂತೆ ಇನ್ನೊಂದು ಇರುತ್ತಿರಲಿಲ್ಲ; ಈಗ ನಿನ್ನೆಯದೇ ಇವತ್ತೂ, ಇವತ್ತಿನದೇ ನಾಳೆಯೂ. ಒಂದಕ್ಷರ ಬದಲಾಗುವುದಿಲ್ಲ.

"ಹುಣಸೆ ಸಾಲು, ನಡುವಿನ ಕೋಣೆ, ಉಪ್ಪಿನಕಾಯಿಯವನು."

"ಇದ್ದಾನೆ."

"ನೇರಳೆ ಸಾಲು, ಕೊನೆಯ ಕೋಣೆ, ಕಣ್ಣು ಮುಚ್ಚಿ ನಗುವವಳು."

"ಇದ್ದಾಳೆ ಅಕ್ಕ," ಎನ್ನುತ್ತಾನೆ ಹಂಡೆಯವನು.

ಇಬ್ಬರೂ ಆ ಕಡೆಗೆ ಕಿವಿಗೊಟ್ಟು ಕೂರುತ್ತಾರೆ. ನೇರಳೆ ಸಾಲು ಕಿಂಡಿಯಿಂದ ತುಂಬ ದೂರ. ಆಮೇಲೆ ಅವಳು ಮುಂದಿನ ಹೆಸರು ಹೇಳುತ್ತಾಳೆ.